ಹೆಂಗಸರದಾರ, ಬಿಡ್ರಿ

ನಡುರಾತ್ರಿ ರಸ್ತೆಯ ತಿರುವಿನಲ್ಲಿ ‘ಪೀಂ’ ಎಂಬ ಸಣ್ಣ ಸದ್ದು ಎಂದಾದರೂ ಕೇಳಿದ್ದರೆ ಅದು ನನ್ನದೆಂದು ತಿಳಿಯಿರಿ. ನಾನು ಉಸಿರಿನಲ್ಲಿ ಮದ್ಯವನ್ನು ಹುಡುಕುವ ಯಂತ್ರ. ಹುಟ್ಟಿದ್ದು ಕಾರ್ಖಾನೆಯಲ್ಲಿ, ಮೊದಲ ಉಸಿರು ಬಂದದ್ದು ಪರೀಕ್ಷೆಯ ಅನಿಲ ತುಂಬಿದ ಸಿಲಿಂಡರಿನಿಂದ. ಅಲ್ಲಿಂದ ಪೊಲೀಸರ ಕೈ ಸೇರಿದೆ.

ಆರು ವರ್ಷ ಗಂಡಸರು ನನ್ನೊಳಗೆ ಊದಿದರು. ಬೈದರು, ಕೈಮುಗಿದರು, ಏಲಕ್ಕಿ ಅಗಿದು ಬಂದರು. ಸ್ಕೂಟರಿನಲ್ಲಿ ಹೆಂಗಸು ಬಂದರೆ ಮಾತ್ರ ಹವಾಲ್ದಾರರು ಕೈಬೀಸುತ್ತಿದ್ದರು: “ಹೆಂಗಸರದಾರ, ಬಿಡ್ರಿ.” ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ಹಳತಾದ ಮೇಲೆ ನನ್ನನ್ನು ಹರಾಜಿನಲ್ಲಿ ಕೊಂಡದ್ದು ಕುಡಿತ ಬಿಡಿಸುವ ಕೇಂದ್ರ. ಆಪ್ತಸಮಾಲೋಚಕಿ ಪ್ರಫುಲ್ಲಾ ನನ್ನನ್ನು ಹೆಂಗಸರ ವಾರ್ಡಿಗೆ ಒಯ್ದರು. ಎಂಟು ಹಾಸಿಗೆ, ಒಂದೂ ಖಾಲಿಯಿಲ್ಲ. ‘ಬಿಡ್ರಿ’ ಎಂದು ಬಿಟ್ಟವರು ಎಲ್ಲಿ ಬಂದು ಸೇರುತ್ತಾರೆಂದು ಅಂದು ತಿಳಿಯಿತು.

ಕೊನೆಯ ಹಾಸಿಗೆಯ ಮಹಾನಂದಾ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಎದೆಯೊಳಗಿನ ದಿಗಿಲಿಗೆ ನಿದ್ದೆ ಬಾರದೆ ಒಂದು ಗುಟುಕಿನಿಂದ ಶುರುವಾದದ್ದು ಮೊದಲು ಸೋಮವಾರಗಳನ್ನು ನುಂಗಿತು. ಈಗ ನಲವತ್ತು ದಿನದ ಗೈರುಹಾಜರಿ. ಸರಿಯಾದ ಕಾರಣ ಬರೆದುಕೊಡದಿದ್ದರೆ ಕೆಲಸ ಹೋಗುತ್ತಿತ್ತು. ಗಂಡ ಈರಪ್ಪ ಎಲ್ಲಿಂದಲೋ ಕಾಮಾಲೆ ಎಂದು ಬರೆದ ಡಾಕ್ಟರ ಚೀಟಿ ತಂದ.

“ಕಾಮಣಿ ಆಗಿತ್ತಂತ ಬರಸೀನಿ. ಕುಡಿತ ಅಂದ್ರ ಓಣ್ಯಾಗ ನಾ ಮಾರಿ ಹೆಂಗ ತೋರಸ್ಲಿ?”

“ಮುಂದಿನ ತಿಂಗಳು ತಪಾಸಣಿಗೆ ಮತ್ತ ಇಲ್ಲಿಗೆ ಬರಬೇಕು. ಆವಾಗ ಯಾವ ಬ್ಯಾನಿ ಹೇಳ್ಲಿ? ನನಗಿರೂದು ಇದೇ. ಇದನ್ನೇ ಬರೀತೀನಿ.”

ಮಧ್ಯಾಹ್ನ ಪ್ರಫುಲ್ಲಾ ಅವಳ ಜೊತೆಗೆ ಗಾರ್ಮೆಂಟ್ಸಿಗೆ ಹೊರಟರು. ನಾನು ಅವರ ಚೀಲದಲ್ಲಿ. ಮ್ಯಾನೇಜರ್ ತನ್ನ ಕೋಣೆಯಲ್ಲಿ ಅರ್ಜಿ ಓದಿ ನಕ್ಕ.

“ಹೆಣ್ಮಗಳಾಗಿ ಇದನ್ನ ಕಾಗದದ ಮ್ಯಾಲ ಬರದೀಯಲ್ಲವಾ! ಆತು. ದಿನಾ ಮುಂಜಾನೆ ಗೇಟಿನ್ಯಾಗ ಎಲ್ಲಾರ ಮುಂದ ಊದಿ ಒಳಗ ಬಾ. ಒಲ್ಲೆ ಅಂದ್ರ ಮನಿ ಹಾದಿ ಹಿಡಿ.”

ಮಹಾನಂದಾ ಪ್ರಫುಲ್ಲಾರಿಂದ ನನ್ನನ್ನು ಇಸಿದುಕೊಂಡು ಅಲ್ಲೇ ಊದಿದಳು. ಸೊನ್ನೆ.

“ದಿನಾ ಊದ್ತೀನ್ರಿ ಸರ. ಆದ್ರ ನಾ ಒಬ್ಬಾಕಿ ಯಾಕ್ರಿ? ಗೇಟ್ ದಾಟೋರೆಲ್ಲಾ ಊದ್ಲಿ. ನಿಮ್ಮಿಂದ ಸುರು ಆಗ್ಲಿ.”

ಪ್ರಫುಲ್ಲಾ ನನಗೆ ಊದುವ ಹೊಸ ನಳಿಕೆ ಸಿಕ್ಕಿಸಿದರು. “ತಾ ಇಲ್ಲಿ, ನನಗೇನಂಜಿಕಿ?” ಎಂದು ಆತ ಮೀಸೆ ಸರಿಸಿ ಊದಿದ. ನನ್ನ ಅಂಕಿಗಳು ಏರಿದವು, ಇನ್ನೂ ಏರಿದವು.

“ಅದು... ನಿನ್ನಿ ರಾತ್ರೀದು,” ಎಂದ. ಎದ್ದು ಬಾಗಿಲು ಮುಚ್ಚಿದ. ಆಮೇಲೆ ಅರ್ಜಿಗೆ ಸಹಿ ಹಾಕಿದ. ಗೇಟಿನಲ್ಲಿ ಊದುವ ಮಾತು ಮತ್ತೆ ಬರಲಿಲ್ಲ.

ರಸ್ತೆಗೆ ಬಂದದ್ದೇ ಪ್ರಫುಲ್ಲಾರಿಗೆ ನಗು ತಡೆಯಲಾಗಲಿಲ್ಲ. “ಡಂಗುರಾ ಸಾರೋಣೇನವಾ?”

“ಬ್ಯಾಡ್ರಿ ಮೇಡಂ. ನಂದು ನಾ ಹೇಳೀನಿ. ಅವರದು ಅವರೇ ಹೇಳ್ಲಿ.”

ಈಗ ನನ್ನ ಸೆನ್ಸರ್ ಸತ್ತಿದೆ. ಕೇಂದ್ರದ ಕಪಾಟಿನಲ್ಲಿ ಕಡತಗಳ ಹಿಂದೆ ಬಿದ್ದಿದ್ದೇನೆ. ಉಸಿರಿನಲ್ಲಿ ಗಂಡು ಹೆಣ್ಣೆಂಬ ವ್ಯತ್ಯಾಸ ನನಗೆಂದೂ ಸಿಗಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆ ಮಧ್ಯಾಹ್ನ ಮ್ಯಾನೇಜರನ ಉಸಿರಿಗೆ ನಾನು ತೋರಿಸಿದ ಅಂಕಿ ಎಷ್ಟೆಂದು ಮಾತ್ರ ಕೇಳಬೇಡಿ. ಮಹಾನಂದಾ ಹೇಳದ್ದನ್ನು ನಾನೂ ಹೇಳುವುದಿಲ್ಲ.