ತೋಬಿಯಾಸ್ ಕೈಬಿಡದ ಬಾಂಬು

ಮಗಳು ಲೆನೋರಾ ಹಾರಿಸುವ ವಿಮಾನದಲ್ಲಿ ತೋಬಿಯಾಸ್ ಉನ್ರುಹ್ ಒಂದು ದಿನವೂ ಕೂತವರಲ್ಲ. ಅವರದು ಭಯವಲ್ಲ, ಊರಿನ ವಿಮಾನ ನಿಲ್ದಾಣದ ಮೇಲಿನ ಮುನಿಸು. ಈಗೇನೋ ಅದು ಪುರಸಭೆಯ ಆಸ್ತಿ. ಓಡುದಾರಿಯ ಬಿರುಕುಗಳಲ್ಲಿ ಕಾಡು ಸೂರ್ಯಕಾಂತಿ ಅರಳುತ್ತದೆ, ಪುಟ್ಟ ವಿಮಾನಗಳು ಗುಬ್ಬಿಗಳ ಹಾಗೆ ಬಂದು ಹೋಗುತ್ತವೆ. ಆದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಸೇನೆ ಅಮೆರಿಕದ ಕಾನ್ಸಾಸ್‌ನ ಈ ಗೋಧಿ ಬಯಲಿನಲ್ಲೇ ಹುಡುಗರಿಗೆ ಬಾಂಬು ಹಾಕುವುದನ್ನು ಕಲಿಸಿತ್ತು. ಆಯುಧ ಮುಟ್ಟೆವು ಎಂದು ದೇವರಿಗೆ ಮಾತು ಕೊಟ್ಟ ಮೆನೊನೈಟ್ ಕ್ರೈಸ್ತರ ವಂಶ ತೋಬಿಯಾಸರದು.

ಅಪ್ಪ ಒಂದೇ ಒಂದು ಸಲ ತನ್ನ ಪಕ್ಕ ಕೂತು ಹಾರಲಿ ಎಂಬುದು ಲೆನೋರಾಳ ಬಹುದಿನದ ಆಸೆ. ಈ ಶನಿವಾರ ನಿಲ್ದಾಣದ ಹಬ್ಬಕ್ಕೆ ಚರ್ಚಿನ ಹೆಂಗಸರು ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಅದರ ವಾಸನೆಗೆ ಮುನಿಸು ಸಡಿಲಾಗಿ ತೋಬಿಯಾಸ್ ಒಳಗೆ ಕಾಲಿಟ್ಟಿದ್ದರು. ತಿಂದದ್ದೂ ಆಗಿತ್ತು.

ಅಷ್ಟರಲ್ಲಿ ಹಿಟ್ಟಿನ ಬಾಂಬಿನ ಪಂದ್ಯ ಶುರುವಾಯಿತು. ಹಿಟ್ಟು ತುಂಬಿದ ಕಾಗದದ ಚೀಲವನ್ನು ಮೇಲಿನಿಂದ ಸುಣ್ಣದ ವೃತ್ತದೊಳಗೆ ಕೆಡವಬೇಕು. ಹಾರಿಸುವವರು ಒಬ್ಬರು, ಎಸೆಯುವವರು ಇನ್ನೊಬ್ಬರು. ಲೆನೋರಾಳ ಜೊತೆಗಾತಿ ವೆರ್ಲಾ ಸಾಸೇಜನ್ನು ಮಿತಿಮೀರಿ ತಿಂದು ಹೊಟ್ಟೆ ಹಿಡಿದುಕೊಂಡು ನೆರಳಿಗೆ ಮಲಗಿಬಿಟ್ಟಳು.

ಪ್ರತಿವರ್ಷ ಗೆಲ್ಲುವ ಮೆರ್ಲ್ ಸ್ಟಕಿ ಟೋಪಿ ಎತ್ತಿ ಕೆಣಕಿದ: "ಏನ್ ತಾಯಿ, ಈ ಸಲ ಕೈ ಜೋಡಿಸೋರಿಲ್ವಾ? ಬೇಕಾದ್ರೆ ನಮ್ಮ ನಾಯಿ ಕಳಿಸ್ತೀನಿ. ಬಾಯಲ್ಲಿ ಕಚ್ಕೊಂಡಿದ್ದನ್ನ ಬಿಡು ಅಂದ್ರೆ ಬಿಡತ್ತೆ."

"ನಾಯಿ ಯಾಕೋ, ನಾನಿಲ್ವಾ?" ಎಂದರು ತೋಬಿಯಾಸ್. ಅಂದ ಮೇಲೆ ಅವರಿಗೇ ಗಾಬರಿ. "ಆದ್ರೆ ಬಾಂಬು ಅನ್ಬೇಡಿ."

"ರೊಟ್ಟಿ ಹಿಟ್ಟು ಅನ್ನೋಣ ಅಪ್ಪಾ," ಎಂದಳು ಲೆನೋರಾ. ಅವರ ಮನಸ್ಸು ತಿರುಗುವ ಮೊದಲೇ ವಿಮಾನದಲ್ಲಿ ಕೂರಿಸಿ ಬೆಲ್ಟು ಬಿಗಿದಾಯಿತು.

ನೆಲ ಬಿಟ್ಟ ಕೂಡಲೆ ತೋಬಿಯಾಸ್ ಕಣ್ಣು ಮುಚ್ಚಿ ಕೀರ್ತನೆ ಹೇಳತೊಡಗಿದರು. ಎರಡನೆಯ ತಿರುವಿನಲ್ಲಿ ಒಂದು ಕಣ್ಣು ತೆರೆಯಿತು. ಮೂರನೆಯದರಲ್ಲಿ ಕೀರ್ತನೆಗೆ ರಾಗ ಬಂತು, ಕಾಲು ತಾಳ ಹಾಕಿತು.

"ವೃತ್ತ ಬಂತು. ಈಗ ಬಿಡು ಅಪ್ಪಾ."

"ಕೆಳಗೆ ಜನ ಇದಾರೆ ಕಣೇ."

"ಅವರೆಲ್ಲ ದೂರ ಇದಾರೆ. ಅಲ್ಲಿರೋದು ಬರೀ ಸುಣ್ಣ."

"ಆ ಸೇನೆ ಹುಡುಗ್ರೂ ಹಂಗೇ ಅಂದಿದ್ರು. ಅಭ್ಯಾಸಕ್ಕೆ ಅಂತ ಮರಳು ತುಂಬಿದ ಬಾಂಬು ಬಿದ್ದಿದ್ದು ಎಲ್ಲಿಗೆ? ನಮ್ಮ ಕೋಳಿಗೂಡಿಗೆ. ನಮ್ಮಮ್ಮ ಒಂದು ವಾರ ಹುಂಜಕ್ಕೆ ಸಮಾಧಾನ ಹೇಳಿದ್ಲು."

"ಬಿಡ್ತೀಯೋ ಇಲ್ವೋ?"

"ಬಿಡಲ್ಲ."

ಚೀಲವನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡರು. ತೆರೆದ ಕಿಟಕಿಯಿಂದ ನುಗ್ಗಿದ ಗಾಳಿಗೆ ಕಾಗದ ಹರಿಯಿತು. ಮರುಕ್ಷಣ ವಿಮಾನದ ಒಳಗೆಲ್ಲ ಹಿಟ್ಟು. ಲೆನೋರಾಳ ಹುಬ್ಬು ಬಿಳಿ, ಅಪ್ಪನ ಮೂಗು ಬಿಳಿ, ಮುಂದಿನ ಗಾಜೂ ಬಿಳಿ.

"ಗಾಜು ಒರೆಸು ಅಪ್ಪಾ, ಬೇಗ."

ತೋಬಿಯಾಸ್ ಚರ್ಚಿಗೆ ಮಾತ್ರ ಹಾಕುವ ಟೋಪಿ ತೆಗೆದು ಒರೆಸಿದರು. ದಿಗಂತ ಕಾಣಿಸಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಗು ತಡೆಯಲಾಗದೆ ಹೋದದ್ದು ಅಪ್ಪನಿಗೆ. ಮಗಳು ಕಂಡಿರದ ನಗು ಅದು, ಬಿಕ್ಕಳಿಕೆ ಬೆರೆತದ್ದು. ಒಮ್ಮೆ ನಿಲ್ಲುತ್ತದೆ, ಮಗಳ ಹುಬ್ಬು ಕಂಡು ಮತ್ತೆ ಹೊರಡುತ್ತದೆ. ಲೆನೋರಾ ಕಣ್ಣೀರು ಒರೆಸಿಕೊಳ್ಳಲು ಹೋಗಿ ಕೆನ್ನೆಯ ಮೇಲೆ ಹಿಟ್ಟು ಕಲಸಿಕೊಂಡಳು. ನೆಲ ಮುಟ್ಟುವಾಗ ವಿಮಾನ ಎರಡು ಸಲ ಕುಪ್ಪಳಿಸಿತು. ಅಪ್ಪ ಅದಕ್ಕೂ ನಕ್ಕರು.

ಮೆರ್ಲ್ ಓಡಿ ಬಂದು ಬಾಗಿಲು ತೆರೆದ. "ಯಜಮಾನ್ರೇ, ಅಂಕ ಸೊನ್ನೆ."

"ಪೆಟ್ಟು ತಿಂದೋರೂ ಸೊನ್ನೆ. ಬರ್ಕೋ."

"ಆಯ್ತು, ಇಳೀರಿ. ಮುಖ ತೊಳಿಯೋಕೆ ನೀರು ತರಿಸ್ತೀನಿ."

ತೋಬಿಯಾಸ್ ಅಲುಗಲಿಲ್ಲ. ಬೆಲ್ಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿಕೊಂಡರು.

"ಬಾಗಿಲು ಹಾಕಪ್ಪಾ," ಎಂದರು ಮೆರ್ಲ್‌ಗೆ. ಮಗಳ ಕಡೆ ತಿರುಗಿದರು. "ಹೊಳೆ ಕಡೆಯಿಂದ ಇನ್ನೊಂದ್ಸಲ ಸುತ್ತಿಸ್ಕೊಂಡು ಬರ್ತೀಯಾ? ನಿಧಾನಕ್ಕೆ ಹೋಗೇ, ಆತುರ ಇಲ್ಲ."