ಹರಕೆ ಗಂಟೆ

“ಚೀಟಿ ತೋರ್ಸಿದ್ರೆ ಅದು ಮಾತಾಗ್ತನೇ ಮಮತಾ? ಆನು ಗಣಪತಿ ಹತ್ರ ಬೇಡಿಕೊಂಡಿದ್ದು ಕೂಸಿನ ಬಾಯಿ ಮಾತು.”

ಚಂದಗುಳಿಯ ಗಣಪತಿ ಗುಡಿಯ ಮುಂದೆ ಚಪ್ಪಲಿ ಬಿಡುತ್ತ ಪರಿಮಳಮ್ಮ ಹೀಗೆ ಅಂದರು. ಸೊಸೆ ಮಮತಾ ಮಗಳ ಚಪ್ಪಲಿ ಕಳಚಿದಳು. ಅತ್ತೆಯ ಚೀಲದಲ್ಲಿ ಹರಕೆಯ ಹಿತ್ತಾಳೆ ಗಂಟೆ ಇತ್ತು. ಮಮತಾಳ ಕೈ ಹಿಡಿದಿದ್ದ ಏಳು ವರ್ಷದ ಮಗಳು ಸಂಹಿತಾಳ ಕಿವಿಗೆ ಸದ್ದು ತಡೆಯುವ ದಪ್ಪ ನೀಲಿ ಮುಚ್ಚಳ, ಸೊಂಟದಲ್ಲಿ ರಿಂಗಿಗೆ ಪೋಣಿಸಿದ ಚಿತ್ರದ ಚೀಟಿಗಳು.

ಬೇಡಿದ್ದು ಕೈಗೂಡಿದವರು ಇಲ್ಲಿ ಗಂಟೆ ಕಟ್ಟುತ್ತಾರೆ. ಮಾಡಿನ ತುಂಬ ಗಂಟೆಗಳೇ. ಬಂದವರೆಲ್ಲ ಬಾರಿಸಿಯೇ ಬಾರಿಸುತ್ತಾರೆ. ಹರಕೆ ಹೊತ್ತ ವರ್ಷ ಸಂಹಿತಾಳನ್ನೂ ಕರೆತಂದಿದ್ದರು. ಮಿಕ್ಸಿ ತಿರುಗಿಸಿದರೆ ಮಂಚದಡಿ ಸೇರುವ ಮಗುವನ್ನು ಇಷ್ಟು ಗಂಟೆಗಳ ಕೆಳಗೆ ತಂದು ನಿಲ್ಲಿಸಿದ್ದರಲ್ಲ, ಮನೆಯ ಒಬ್ಬರಿಗಾದರೂ ಹೊಳೆಯಬೇಡವೇ! ಮಗು ನೆಲಕ್ಕೆ ಬಿದ್ದು ಕೈ ಕಚ್ಚಿಕೊಂಡಿತು. ಯಾರೋ ಗಾಳಿ ಸೋಕಿದೆ ಅಂದರು. ಅದನ್ನೂ ಕೇಳಿಸಿಕೊಂಡು ಮನೆಗೆ ಹೋದರು.

ಆಮೇಲೆ ಹುಬ್ಬಳ್ಳಿಯ ಒಬ್ಬ ತಜ್ಞರು ಸಿಕ್ಕರು. ಕಿವಿ ಮುಚ್ಚಿದರೆ ಕೈ ಎಳೆದು ತೆಗೆಯಿರಿ, ಬಾಯಲ್ಲಿ ಕೇಳುವವರೆಗೆ ನೀರು ಕೊಡಬೇಡಿ ಅಂದರು. ಮಗು ಬಾಯಾರಿ ಅತ್ತ ಸಂಜೆಯೇ ಮಮತಾ ಆ ದಾರಿಗೆ ಕೈಮುಗಿದಳು. ಕೇಳಿ ಕೇಳಿ ಕೊನೆಗೆ ಶಿರಸಿಯಲ್ಲೇ ಸೌಮ್ಯಾ ಸಿಕ್ಕಳು. ಮಾತು ಬಾರದ ಮಕ್ಕಳಿಗೆ ಹೇಳಿಕೊಡುವುದನ್ನೇ ಓದಿ ಬಂದ ಹುಡುಗಿ. ಮೊದಲ ದಿನ ಅವಳು ಗರಗರ ಅನ್ನುವ ಫ್ಯಾನು ಆರಿಸಿ, ನೆಲದ ಮೇಲೆ ಕೂತು, “ಇವಳಿಗೆ ಏನಿಷ್ಟ?” ಅಂತ ಕೇಳಿದಳು. ಅಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಮಮತಾ ಅಲ್ಲೇ ಅತ್ತುಬಿಟ್ಟಿದ್ದಳು.

ಈಗ ಸಂಹಿತಾ ಚೀಟಿ ಕೊಟ್ಟು ನೀರು ಕೇಳುತ್ತಾಳೆ, ದೋಸೆ ಕೇಳುತ್ತಾಳೆ. ಪರಿಮಳಮ್ಮನಿಗೆ ಅದು ಲೆಕ್ಕಕ್ಕಿಲ್ಲ. ಇವತ್ತಿನೊಳಗೆ ಬಾಯಿಂದ ಒಂದು ಮಾತು ಬಂದರೆ ಗಂಟೆ ಕಟ್ಟುವುದು, ಬರದಿದ್ದರೆ ಮತ್ತೆ ಹುಬ್ಬಳ್ಳಿಯೇ ಗತಿ ಎಂದಿದ್ದರು. ಅವರ ಮಗ ಎಂದಿನಂತೆ ಅಮ್ಮನ ಮಾತಿಗೆ ತಲೆಯಾಡಿಸಿದ್ದ.

ಒಳಗೆ ಒಬ್ಬ ತರುಣ ಫೋಟೋ ತೆಗೆಸಿಕೊಳ್ಳಲೆಂದು ದೊಡ್ಡ ಗಂಟೆಯನ್ನು ಢಣಢಣ ಬಾರಿಸುತ್ತಿದ್ದ. ಸಂಹಿತಾ ಮುದುಡಿದಳು. ಎರಡೂ ಕೈ ಕಿವಿಗೆ ಹೋದವು. ಅಯ್ಯೋ ದೇವರೇ, ಬಿದ್ದಳು ಅಂದುಕೊಂಡಳು ಮಮತಾ.

ಬೀಳಲಿಲ್ಲ. ಒಂದು ಕೈ ಕೆಳಗಿಳಿದು ಸೊಂಟದ ಚೀಟಿಗಳನ್ನು ಒಂದೊಂದಾಗಿ ಸರಿಸಿತು. ನೀರು ಬೇಡ, ದೋಸೆ ಬೇಡ, ಮನೆ ಬೇಡ. ಅಂಗೈ ಅಡ್ಡ ಹಿಡಿದ ಚಿತ್ರದ ಚೀಟಿ ಸಿಕ್ಕಿತು. ಕಿತ್ತುಕೊಂಡಳು. ಅಮ್ಮನಿಗೆ ಕೊಡಲಿಲ್ಲ. ನೆಟ್ಟಗೆ ಆ ತರುಣನ ಮುಂದೆ ನಿಂತು ಅವನಿಗೇ ಹಿಡಿದಳು. ಗುರುತಿಲ್ಲದವರ ಹತ್ತಿರ ಅವಳು ಹೋಗಿದ್ದು ಇದೇ ಮೊದಲು.

“ಎಂತ ಪುಟ್ಟಿ ಇದು?” ಅವನು ನಕ್ಕು ಮತ್ತೆ ಗಂಟೆಗೆ ಕೈಯೆತ್ತಿದ.

“ಏ ತಮಾ! ಕಣ್ಣು ಕಾಣ್ತಿಲ್ಯನೋ?” ಮಂಡಿನೋವಿನ ಪರಿಮಳಮ್ಮ ಯಾವಾಗ ಅಲ್ಲಿಗೆ ಧಾವಿಸಿದರೋ! “ನಮ್ಮನೆ ಕೂಸು ಸಾಕು ಹೇಳ್ತಾ ಇದ್ದು!”

ತರುಣ ಕೈ ಇಳಿಸಿದ. ಗಂಟೆ ತೂಗಿ ತೂಗಿ ನಿಂತಿತು. ಸಂಹಿತಾ ಚೀಟಿಯನ್ನು ಮತ್ತೆ ರಿಂಗಿಗೆ ಸಿಕ್ಕಿಸಿಕೊಂಡಳು. ಮಮತಾಳಿಗೆ ಗುಡಿಯಲ್ಲಿದ್ದವರಿಗೆಲ್ಲ, ನೋಡಿ, ಇವಳು ನನ್ನ ಮಗಳು ಅಂತ ಕೂಗಿ ಹೇಳಬೇಕೆನಿಸಿತು. ಆದರೂ ಅತ್ತೆಯನ್ನು ಕೆಣಕದೆ ಬಿಡಲಿಲ್ಲ.

“ಎಂತ ಹೇಳ್ತಾ ಇದ್ದು ಹೇಳಿದ್ರಿ ಅತ್ತೆ?”

ಪರಿಮಳಮ್ಮ ಮೊಮ್ಮಗಳ ಮುಖ ನೋಡಿದರು. ಕಣ್ಣೊರೆಸಿಕೊಂಡು ದಬಾಯಿಸಿದರು.

“ನಿಂಗೂ ಕೇಳಿದ್ದಿಲ್ಯನೇ? ಊರಿಗೆ ಊರೇ ಕೆಪ್ಪಾಗಿ ಹೋಯ್ದು! ಹುಬ್ಬಳ್ಳಿ ಎಲ್ಲ ಎಂತಕ್ಕೆ? ಸೋಮವಾರ ಸೌಮ್ಯನ ಹತ್ರವೇ ಹೋಪನ.”

ಚೀಲದಿಂದ ಗಂಟೆ ತೆಗೆದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕರವಸ್ತ್ರವನ್ನು ಮಡಚಿ, ಗಂಟೆಯೊಳಗೆ ಬಿಗಿಯಾಗಿ ತುರುಕಿದರು. ಅಲ್ಲಾಡಿಸಿ ನೋಡಿದರು. ಆಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಲು ಸೊಸೆಗೆ ಹೇಳಿ, ಆ ಪುಟ್ಟ ಕೈಯಿಂದಲೇ ಕಟ್ಟಿಸಿದರು. ಅಷ್ಟು ಗಂಟೆಗಳ ನಡುವೆ ಅದೊಂದು, ಬಿಳಿ ಬಟ್ಟೆಯ ತುದಿ ಇಣುಕಿಸಿಕೊಂಡು, ಸದ್ದಿಲ್ಲದೆ ತೂಗುತ್ತಿತ್ತು.