ಮೂವತ್ತೊಂದನೆಯ ಅಧ್ಯಾಯದ ಒಂದು ಕರೆ

೨೦೨೫ನೇ ಇಸವಿ ಜುಲೈ ೧೩, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ತುಂಗಮ್ಮ, "ಸಾಕು, ಮುಚ್ಚಿಡು" ಎಂದರು. ಗಟ್ಟಿಯಾಗಿ ಓದುತ್ತಿದ್ದ ಪಂಕಜಾ ಪುಟದ ನಡುವೆ ಬೆರಳಿಟ್ಟು ತಲೆಯೆತ್ತಿದಳು. ತಾಯಿ ಆಗಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು. ಸೆರಗಿನ ತುದಿ ಕಣ್ಣಿನ ತನಕ ಹೋಗಿ ಬಂತು. ಕಾಫಿ ಬೇಕೇ ಎಂದು ಕೇಳಿದ್ದಕ್ಕೆ ಬೇಡ ಎಂದು ಕೈಯಾಡಿಸಿದರು. ಎಂಬತ್ತನಾಲ್ಕರ ತುಂಗಮ್ಮ ಕಾಫಿ ಬೇಡ ಎಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಪುಸ್ತಕ 'ಮಡಿಲ ಮರೆಯ ಮಾತು'. ಜಾಲಹಳ್ಳಿಯ ಅವರ ಬಡಾವಣೆಯ ಓದುಗರ ಬಳಗ ಆ ತಿಂಗಳಿಗೆಂದು ಆರಿಸಿಕೊಂಡಿದ್ದ ಕಾದಂಬರಿ. ತುಂಗಮ್ಮನಿಗೆ ಕಣ್ಣು ಮಂದವಾಗಿದ್ದರಿಂದ ಪಂಕಜಾ ದಿನಕ್ಕೊಂದೆರಡು ಅಧ್ಯಾಯ ಓದಿ ಹೇಳುತ್ತಿದ್ದಳು. ಏಪ್ರಿಲ್‌ನಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆದಮೇಲೆ ತುಂಗಮ್ಮನ ಲೋಕ ಒಂದು ಕೋಣೆಗೆ ಇಳಿದಿತ್ತು. ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು. ಭಯ ಮಾತ್ರ ಹೋಗಿರಲಿಲ್ಲ. ವಾಕರ್ ಹಿಡಿದು, ಪಕ್ಕದಲ್ಲಿ ಒಬ್ಬರು ನಿಂತರೆ ಮಾತ್ರ ಹೆಜ್ಜೆ. ಅಂಥವರಿಗೆ ಈ ಕಾದಂಬರಿ ಹೊಸ ಹುರುಪು ತಂದಿತ್ತು. ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಹೇಳಲು ಮರೆತು, ಕಥೆಯಲ್ಲಿನ ಆ ಡಾಕ್ಟರ್ ಹುಡುಗ ಮುಂದೇನು ಮಾಡುತ್ತಾನೆ ಎಂದು ಕೇಳುವಷ್ಟು.

ಕಥೆ ಹೀಗೆ. ಇಂಚರಾ ಎಂಬ ಹುಡುಗಿಯನ್ನು ಎತ್ತಾಡಿಸಿ ಬೆಳೆಸಿದವಳು ಮದುವೆಯಾಗದೆ ಉಳಿದ ಅಕ್ಕ ಸುಭಾಷಿಣಿ. ಹುಡುಗಿಗೆ ಪ್ರದ್ಯುಮ್ನ ಎಂಬ ಡಾಕ್ಟರಲ್ಲಿ ಪ್ರೀತಿ. ಹುಡುಗನ ಮನೆಯವರು ಹೆಣ್ಣಿನ ಮನೆಯ ಪೂರ್ವಾಪರ ವಿಚಾರಿಸಲು ಹೊರಟಾಗ, ತಾನು ಕಣ್ಣೆದುರಿಗಿದ್ದರೆ ಹಳೆಯ ಗುಟ್ಟು ಹೊರಬಿದ್ದು ಹುಡುಗಿಯ ಬಾಳು ಕೆಟ್ಟೀತೆಂದು ಸುಭಾಷಿಣಿ ಊರನ್ನೇ ಬಿಟ್ಟು ಹೊರಡುತ್ತಾಳೆ. ಮೂವತ್ತೊಂದನೆಯ ಅಧ್ಯಾಯದಲ್ಲಿ, ಮೈಸೂರಿನ ರೈಲು ನಿಲ್ದಾಣಕ್ಕೆ ಇಂಚರಾ ಓಡೋಡಿ ಬಂದು, ಆಗಲೇ ರೈಲು ಹತ್ತಿದ್ದ ಸುಭಾಷಿಣಿಯನ್ನು, ಹುಟ್ಟಿದಾಗಿನಿಂದ ಅಕ್ಕ ಎನ್ನುತ್ತಿದ್ದವಳನ್ನು, ಮೊದಲ ಸಲ 'ಅಮ್ಮಾ' ಎಂದು ಕರೆಯುತ್ತಾಳೆ. ತುಂಗಮ್ಮ ಸಾಕು ಎಂದದ್ದು ಅಲ್ಲಿಗೆ.

ಪಂಕಜಾ ಪುಟದಿಂದ ಬೆರಳು ತೆಗೆದು ಪುಸ್ತಕ ಮುಚ್ಚಿದಳು. ಅವಳೂ ಹುಟ್ಟಿದಾಗಿನಿಂದ ತನ್ನ ತಾಯಿಯನ್ನು ಕರೆಯುತ್ತ ಬಂದದ್ದು ಅಕ್ಕ ಎಂದೇ.

ಅದರಲ್ಲಿ ಗುಟ್ಟೇನೂ ಇರಲಿಲ್ಲ. ತಂದೆಗೆ ಊರೂರು ಸುತ್ತುವ ನೌಕರಿ. ಹಾಗಾಗಿ ಪಂಕಜಾ ಮಾತು ಕಲಿತದ್ದು ಮಳವಳ್ಳಿಯ ಅಜ್ಜಿಯ ಮನೆಯಲ್ಲಿ. ಅಲ್ಲಿ ಸೋದರಮಾವಂದಿರು, ಚಿಕ್ಕಮ್ಮ ಎಲ್ಲ ತುಂಗಮ್ಮನನ್ನು ಅಕ್ಕ ಎನ್ನುತ್ತಿದ್ದರು, ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದರು. ಮಗು ಕೇಳಿದ್ದನ್ನೇ ಹಿಡಿಯಿತು. ಆ ಕಾಲದ ತುಂಬಿದ ಮನೆಗಳಲ್ಲಿ ತಾಯಿಯನ್ನು ಅಕ್ಕ ಎನ್ನುವವರು, ಅತ್ತಿಗೆ ಎನ್ನುವವರು ಬೇಕಾದಷ್ಟು ಜನ. ಇದರಿಂದ ಆದ ಪಜೀತಿ ಒಂದೇ. ಹೆಣ್ಣು ನೋಡಲು ಬಂದ ದಿನ, ತಿಂಡಿ ಯಾರು ಮಾಡಿದ್ದೆಂದು ಗಂಡಿನ ತಂದೆ ಕೇಳಿದಾಗ ಪಂಕಜಾ 'ಅಕ್ಕ' ಎಂದಿದ್ದಳು. ಅವರು ದಾರಿಯುದ್ದಕ್ಕೂ ಯೋಚಿಸಿ, ಅಕ್ಕನಿಗೆ ಮದುವೆಯಾಗದೆ ತಂಗಿಗೇಕೆ ಅವಸರ, ದೊಡ್ಡವಳಿಗೆ ಏನು ಐಬು ಎಂದು ಮಧ್ಯಸ್ಥರಿಗೆ ಹೇಳಿ ಕಳಿಸಿದ್ದರು. ಗಂಡ ವಾದಿರಾಜ ಇವತ್ತಿಗೂ ಹಬ್ಬ ಹುಣ್ಣಿಮೆಗೆ ಆ ಕಥೆ ತೆಗೆಯುತ್ತಾನೆ.

ಇಷ್ಟು ವರ್ಷ ನಗೆಯ ಮಾತಾಗಿದ್ದದ್ದು ಈಗ ಮುಳ್ಳಾಯಿತು. ಹೆತ್ತವಳು ಒಂದು ಶಬ್ದಕ್ಕಾಗಿ ಒಳಗೊಳಗೇ ಕಾದಿದ್ದರೆ? ಅದನ್ನು ತಾನು ಗಮನಿಸಿಯೇ ಇರದಿದ್ದರೆ? ಅವಳ ತಮ್ಮ ರವಿ ಕರೆಯುವುದೂ ಹಾಗೇ. ಅಂದರೆ ತುಂಗಮ್ಮನನ್ನು ಅಮ್ಮ ಎಂದವರು ಲೋಕದಲ್ಲಿ ಒಬ್ಬರೂ ಇಲ್ಲ.

ಕೇಳಿಬಿಡು ಎಂದ ವಾದಿರಾಜ. ಪಂಕಜಾ ಒಪ್ಪಲಿಲ್ಲ. ಎಂ.ಎಸ್ಸಿ. ಭೌತವಿಜ್ಞಾನ ಓದಿ, ಕಾರ್ಖಾನೆಯ ಅಳತೆ ಪರೀಕ್ಷೆಯ ಕೋಣೆಯಲ್ಲೇ ನೌಕರಿ ಮುಗಿಸಿದವಳು ಅವಳು. ಬೇರೆ ಅಳತೆಗಳನ್ನು ಸರಿನೋಡುವ ಉಕ್ಕಿನ ಅಳತೆಗಟ್ಟಿಯನ್ನು ಬರಿಗೈಯಲ್ಲಿ ಹಿಡಿದರೆ ಕೈಯ ಬಿಸಿಗೇ ಅದು ಹಿಗ್ಗುತ್ತದೆ. ಆಮೇಲೆ ಸಿಗುವುದು ಗಟ್ಟಿಯ ಅಳತೆಯಲ್ಲ, ಹಿಡಿದವರ ಅವಸರದ ಅಳತೆ. ನಿನಗೆ ಬೇಜಾರಿತ್ತಾ ಎಂದು ಕೇಳಿದರೆ ಅಕ್ಕ 'ಇಲ್ಲ' ಎನ್ನುತ್ತಾರೆ. ಮಗಳ ಮನಸ್ಸು ನೋಯದಿರಲಿ ಎಂದು ಹೇಳಿದ 'ಇಲ್ಲ'ವೋ, ನಿಜವಾದ 'ಇಲ್ಲ'ವೋ ಎಂದು ತಿಳಿಯುವುದು ಹೇಗೆ?

ಮರುವಾರ ಬಡಾವಣೆಯ ಸಭಾಂಗಣದಲ್ಲಿ ಬಳಗ ಸೇರಿತು. ಅಭಿಪ್ರಾಯ ಹೇಳುವ ಸರದಿ ಒಬ್ಬರಿಂದ ಒಬ್ಬರಿಗೆ ಹೋದಂತೆ ಹೊಗಳಿಕೆ ಏರುತ್ತಲೇ ಇತ್ತು. ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾದ ವೆಂಕಟಸುಬ್ಬಯ್ಯ, ತಾವು ಪುಸ್ತಕ ತೆಗೆದುಕೊಂಡು ಹೋದದ್ದು ಹೆಂಡತಿಗಾಗಿ, ಅತ್ತದ್ದು ತಾವು ಎಂದು ಒಪ್ಪಿಕೊಂಡರು. ಗುಟ್ಟು ಹತ್ತನೆಯ ಅಧ್ಯಾಯಕ್ಕೇ ಗೊತ್ತಾಗಿತ್ತಂತೆ. ಗೊತ್ತಿದ್ದೂ ಅಳಿಸಿದಳಲ್ಲ ಲೇಖಕಿ, ಅದು ದೊಡ್ಡದು ಎಂದರು. ಆಮೇಲೆ ಪಂಕಜಾಳ ಕಡೆ ತಿರುಗಿ, "ನಿಮ್ಮನೇಲೂ ತಾಯೀನ ಅಕ್ಕ ಅಂತಾನೇ ಕರೀತೀರಲ್ಲ ಮೇಡಂ. ನಿಮಗೆ ಆ ರೈಲ್ವೆ ಸ್ಟೇಷನ್ ಸೀನು ಡಬಲ್ ಹೊಡ್ತ ಬಿದ್ದಿರ್ಬೇಕು" ಎಂದು ನಕ್ಕರು. ಎಲ್ಲರೂ ನಕ್ಕರು. ಪಂಕಜಾಳೂ ತುಟಿ ಅಗಲಿಸಿದಳು.

ನಿವೇದಿತಾ ನಗಲಿಲ್ಲ. ರಾಣೆಬೆನ್ನೂರಿನ ಹುಡುಗಿ, ಪೀಣ್ಯದ ಒಂದು ಔಷಧ ಕಂಪನಿಯಲ್ಲಿ ಕೆಲಸ, ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳು. ಇಂಥ ಗುಟ್ಟು ತಮ್ಮ ಓಣಿಯಲ್ಲಾದರೆ ಮೂರು ದಿನವೂ ನಿಲ್ಲುತ್ತಿರಲಿಲ್ಲ, ನೀರು ತರಲು ಹೋದವರೇ ಬಿಚ್ಚಿಡುತ್ತಿದ್ದರು ಎಂದು ಮೊದಲು ತಮಾಷೆ ಮಾಡಿದ್ದವಳು ಈಗ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಹೇಳಿದಳು.

"ಆಕಿ ಇಡೀ ಪುಸ್ತಕದಾಗ ಏನೂ ಬೇಡಂಗಿಲ್ಲ ನೋಡ್ರಿ. ಸೀರಿ ಬೇಡಂಗಿಲ್ಲ, ಬಂಗಾರ ಬೇಡಂಗಿಲ್ಲ. ಒಂದ ಒಂದು ಶಬ್ದಕ್ಕ ಕಾಯ್ಕೊಂತ ಕುಂತಾಳ. ಅದನ್ನ ಬಾಯಿಬಿಟ್ಟು ಕೇಳಾಕ ಬರೂದಿಲ್ಲಲ್ಲರೀ."

ಪಂಕಜಾಳ ಸರದಿ ಬಂತು. ಅವಳು ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಳು. ಇಪ್ಪತ್ತನೆಯ ಅಧ್ಯಾಯದ ಹುಣ್ಣಿಮೆಯಾಗಿ ವಾರದೊಳಗೆ ಮತ್ತೊಂದು ಹುಣ್ಣಿಮೆ ಬರುತ್ತದೆ. ಇಂಚರಾಳ ವಯಸ್ಸು ಲೆಕ್ಕ ಹಾಕಿದರೆ ಎರಡು ವರ್ಷ ಎಲ್ಲೋ ಕಳೆದುಹೋಗಿದೆ. ಆದರೆ ಅದೇ ಪೆನ್ಸಿಲಿನಿಂದ ಬೇರೆ ಗುರುತುಗಳೂ ಇದ್ದವು. ಸುಭಾಷಿಣಿ ಹುಡುಗಿಗೆ ತಲೆ ಬಾಚುವಾಗ ಉದುರಿದ ಕೂದಲನ್ನು ಎಸೆಯದೆ ಬೆರಳಿಗೆ ಸುತ್ತಿಕೊಳ್ಳುವ ಕಡೆ. ಹುಡುಗಿ ಉಂಡ ತಟ್ಟೆಯಲ್ಲೇ ತಾನು ಬಡಿಸಿಕೊಳ್ಳುವ ಕಡೆ. ಬೀಗ ಹಾಕಿದ ಪೆಟ್ಟಿಗೆ, ಹಳೆಯ ಪತ್ರ ಯಾವುದೂ ಇಲ್ಲದೆ, ದಿನಕ್ಕೆ ನೂರು ಸಲ ಎಲ್ಲರೆದುರಿಗೂ ಆಡುವ ಒಂದು ಮಾತಿನಲ್ಲಿ ಗುಟ್ಟನ್ನು ಅಡಗಿಸಿಟ್ಟ ಲೇಖಕಿಯ ಜಾಣ್ಮೆಯನ್ನು ಅವಳು ಮನಸಾರೆ ಮೆಚ್ಚಿದ್ದಳು. ಇದನ್ನೆಲ್ಲ ಹೇಳಬೇಕೆಂದೇ ಬಂದಿದ್ದಳು. ಬಾಯಿ ತೆರೆದಾಗ ಹೊರಬಂದದ್ದು, ಇನ್ನೂ ಓದಿ ಮುಗಿಸಿಲ್ಲ, ಮುಗಿಸಿ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುತ್ತೇನೆ ಎಂಬುದಷ್ಟೆ.

ಮನೆಯಲ್ಲಿ ಪುಸ್ತಕ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಉಳಿದದ್ದು ಓದಲೇ ಎಂದರೆ ತುಂಗಮ್ಮ ನಾಳೆ ನೋಡೋಣ ಎನ್ನುತ್ತಿದ್ದರು.

ಕೇಳುವುದು ಬೇಡ, ಕರೆದೇ ಬಿಡಬೇಕು ಎಂದು ಪಂಕಜಾ ನಿಶ್ಚಯಿಸಿದಳು. ಅಷ್ಟು ಸಲೀಸಲ್ಲ ಎಂದು ಆಮೇಲೆ ತಿಳಿಯಿತು. ಮಾತ್ರೆ ಕೊಡುವಾಗ ಒಮ್ಮೆ ಶಬ್ದ ಗಂಟಲಿಗೆ ಬಂದು, ನೀರಿನ ಲೋಟ ಕಂಡು ಹಿಂದಕ್ಕೆ ಹೋಯಿತು. ಬೆನ್ನಿಗೆ ದಿಂಬು ಕೊಡುವಾಗ ತುಟಿಯವರೆಗೂ ಬಂದು 'ಅಕ್ಕ' ಎಂದೇ ಬಿತ್ತು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮೆಲ್ಲಗೆ ಹೇಳಿ ನೋಡಿದಳು. ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಅರವತ್ತು ದಾಟಿದವಳಿಗೆ ಇದೆಂಥ ನಾಚಿಕೆ ಎಂದು ತನ್ನ ಮೇಲೆ ತನಗೇ ರೇಗಿತು.

ಗುರುವಾರ ಬೆಳಿಗ್ಗೆ ಮುಖ ನೋಡದೆ ಕರೆಯುವುದೇ ಸರಿ ಎನಿಸಿತು. ತುಂಗಮ್ಮ ತಮ್ಮ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ವಾದಿರಾಜ ಹೊರಗೆ ಪೇಪರ್ ಓದುತ್ತಿದ್ದ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಸೊಪ್ಪು ಆಯಿತೇ ಎಂದು ಕೇಳುವ ನೆಪವಿತ್ತು. ಪಂಕಜಾ ಸೌಟು ಕೆಳಗಿಟ್ಟು, ಉಸಿರು ತುಂಬಿಕೊಂಡು ಕರೆದಳು. ಅಷ್ಟು ದಿನ ತಡೆದದ್ದಕ್ಕೋ ಏನೋ, ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಹೊರಟಿತು.

"ಅಮ್ಮಾ."

ತಟ್ಟೆ ನೆಲಕ್ಕೆ ಬಿದ್ದ ಸದ್ದು. ಪಂಕಜಾ ತಿರುಗುವುದರೊಳಗೆ ತುಂಗಮ್ಮ ಅಡುಗೆಮನೆಯ ಬಾಗಿಲಲ್ಲಿದ್ದರು. ಒಂದು ಕೈ ಚೌಕಟ್ಟಿನ ಮೇಲೆ, ಸೀರೆಯ ಮೇಲೆಲ್ಲ ಕೊತ್ತಂಬರಿ. ಒಳಗೆ ಬಂದವರೇ ಮಗಳ ಎರಡೂ ಕೈ ಹಿಡಿದು ಅಂಗೈ, ಮುಂಗೈ ತಿರುಗಿಸಿ, ತಮ್ಮ ಮಂದ ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದರು.

"ಎಲ್ಲೇ? ಎಲ್ಲಿ ಸುಟ್ಕೊಂಡೆ?"

"ಏನೂ ಆಗಿಲ್ಲ ಅಕ್ಕ."

"ಏನೂ ಆಗ್ದೆ ಅಮ್ಮಾ ಅಂತ ಯಾಕೆ ಕೂಗ್ಕೊಂಡೆ?"

"ಕೂಗ್ಕೊಳ್ಲಿಲ್ಲ. ನಿನ್ನ ಕರೆದೆ."

"ನನ್ನನ್ನಾ?" ತುಂಗಮ್ಮ ಇನ್ನೂ ನಂಬದೆ ಮಗಳ ಮೊಣಕೈ ತಡವುತ್ತಿದ್ದರು. "ನನ್ನ ಕರೆಯೋಕೆ ಅಕ್ಕ ಅನ್ನೋ ಮಾತು ಸವೆದು ಹೋಗಿತ್ತಾ? ಎದೆ ಒಡ್ದೋಯ್ತಲ್ಲೇ ನಂಗೆ."

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಪಂಕಜಾ ಒಲೆ ಆರಿಸಿ, ತಡವರಿಸುತ್ತ ಎಲ್ಲ ಹೇಳಿದಳು. ಆ ಭಾನುವಾರದ ಕಣ್ಣೀರು, ಬಳಗದಲ್ಲಿ ಆ ಹುಡುಗಿ ಆಡಿದ ಮಾತು, ತಾನು ಒಂದು ಸಲವೂ ಹಾಗೆ ಕರೆಯಲಿಲ್ಲವೆಂದು ಅಕ್ಕನಿಗೆ ಕೊರಗಿತ್ತೇನೋ ಎಂಬ ತನ್ನ ಸಂಕಟ.

ತುಂಗಮ್ಮ ಕೇಳಿಸಿಕೊಂಡರು. ಆಮೇಲೆ ಗಲ್ಲದ ಮೇಲೆ ಬೆರಳಿಟ್ಟುಕೊಂಡರು.

"ಅಯ್ಯೋ ಪೆದ್ದೇ. ನಂಗೆ ನಮ್ಮಮ್ಮ ನೆನಪಾದ್ಲು ಕಣೇ. ಆ ಹುಡುಗಿಗೆ ಅಮ್ಮಾ ಅನ್ನೋಕೆ ಒಬ್ಳು ಸಿಕ್ಕಿದ್ಲು. ನಾನು ಯಾರನ್ನ ಹೋಗಿ ಕರೀಲಿ? ಹೊಟ್ಟೆಕಿಚ್ಚಾಯ್ತು. ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಹೇಳ್ಕೊಳ್ಳೋದು ಅಂತ ಪುಸ್ತಕ ಮುಚ್ಚಿಸ್ದೆ."

ಪಂಕಜಾ ಎಲ್ಲ ಬಗೆಯ ಕಾರಣಗಳನ್ನೂ ಯೋಚಿಸಿದ್ದಳು. ತಾಯಿಯೂ ಒಬ್ಬಳ ಮಗಳು ಎಂಬುದೊಂದನ್ನು ಬಿಟ್ಟು. ಅವಳ ಕಣ್ಣಿಗೆ ಮಳವಳ್ಳಿಯ ಅಜ್ಜಿಯೇ ಬಂದಳು. ಅಮ್ಮ ಎಂದರೆ ಅವಳಿಗೂ ಆ ಮುಖವೇ.

"ನಂಗೂ ಅಮ್ಮ ಅಂದ್ರೆ ಅವಳೇ ಅಲ್ವಾ" ಎಂದಳು.

"ಮತ್ತೆ? ನಿಂದೂ ನಂದೂ ಒಬ್ಳೇ ಅಮ್ಮ." ತುಂಗಮ್ಮ ಸೆರಗಿನ ಮೇಲಿನ ಸೊಪ್ಪನ್ನು ಒಂದೊಂದಾಗಿ ಆರಿಸತೊಡಗಿದರು. "ಪುಸ್ತಕ ಚೆನ್ನಾಗಿ ಬರ್ದಿದಾಳೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲೊಂದು ಕಡೆ ತಪ್ಪಿದಾಳೆ. ರೈಲ್ವೆ ಸ್ಟೇಷನ್ ತುಂಬ ಅಮ್ಮಾ ಅಮ್ಮಾ ಅಂತಾನೇ ಇರ್ತಾರೆ ಜನ. ಹೊಸ ಹೆಸರು ಹಿಡಿದು ಕೂಗಿದ್ರೆ ಆ ತಾಯಿಗೆ ತನ್ನನ್ನೇ ಅಂತ ಹೇಗೆ ಗೊತ್ತಾಗ್ಬೇಕು? ಅಕ್ಕ ಅಂದಿದ್ರೆ ಆಗ್ಲೇ ಇಳೀತಿದ್ಲು."

ಅಷ್ಟರಲ್ಲಿ ಬಾಗಿಲಲ್ಲಿ ವಾದಿರಾಜ ಕಾಣಿಸಿಕೊಂಡ. ಕೈಯಲ್ಲಿ ಅತ್ತೆಯ ವಾಕರ್. ಕೋಣೆಯಲ್ಲಿ ವಾಕರ್ ಇದ್ದು ಅತ್ತೆ ಇಲ್ಲದ್ದನ್ನು ಕಂಡು ಗಾಬರಿಯಿಂದ ಬಂದಿದ್ದ. ಅತ್ತೆಯನ್ನು ನೋಡಿದ, ವಾಕರ್ ನೋಡಿದ, ಹೆಂಡತಿಯನ್ನು ನೋಡಿದ. ಆಗ ತುಂಗಮ್ಮ ತಮ್ಮ ಪಾದಗಳ ಕಡೆ ಬಗ್ಗಿ, ಅವು ಬೇರೆಯವರದೇನೋ ಎಂಬಂತೆ ನೋಡಿಕೊಂಡರು. ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಇಬ್ಬರೂ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಕೂತವರೇ, ಕಾಫಿ ಕೊಡ್ತೀಯೋ ಇಲ್ಲ ಬರೀ ಕೂಗ್ತೀಯೋ ಎಂದರು.

ಅಂದು ಮಧ್ಯಾಹ್ನ ಉಳಿದ ಅಧ್ಯಾಯಗಳನ್ನು ಒಂದೇ ಸಮನೆ ಕೂತು ಓದಿ ಮುಗಿಸಿದರು. ಮದುವೆಯ ಕಡೆ ಬಂದಾಗ ತುಂಗಮ್ಮ ಮತ್ತೆ ಅತ್ತರು, ಈ ಸಲ ಬಹಿರಂಗವಾಗಿ. ಪಂಕಜಾ ಬಳಗದ ಗ್ರೂಪಿನಲ್ಲಿ ಬರೆಯಲು ಕೂತಳು. ಎರಡು ಹುಣ್ಣಿಮೆಯ ವಿಷಯ ಬರೆದು ಅಳಿಸಿದಳು. ತಲೆ ಬಾಚುವ ಪುಟವನ್ನೂ ಉಂಡ ತಟ್ಟೆಯ ಪುಟವನ್ನೂ ಹೊಗಳಿದಳು. ಗುಟ್ಟು ಬಚ್ಚಿಟ್ಟ ಜಾಗದ ಬಗ್ಗೆ ಬರೆದಳು. ಎಲ್ಲರ ಮನೆಯಲ್ಲೂ ಹಿರಿಯರಿಗೆ ಓದಿ ಹೇಳಬೇಕಾದ ಪುಸ್ತಕ ಎಂದಳು. ಕೊನೆಗೆ, ಮೂವತ್ತೊಂದನೆಯ ಅಧ್ಯಾಯದ ಕರೆಯ ಬಗ್ಗೆ ನಮ್ಮ ಮನೆಯ ಅಕ್ಕನದು ಭಿನ್ನಾಭಿಪ್ರಾಯ ಎಂದು ಸೇರಿಸಿದಳು. ನಿವೇದಿತಾಳ ಉತ್ತರ ತಕ್ಷಣ ಬಂತು: ಅಕ್ಕಾವ್ರನ್ನ ಮುಂದಿನ ಸಭೆಗೆ ಕರ್ಕೊಂಡು ಬರ್ರಿ, ಅವರ ಬಾಯಿಂದನ ಕೇಳೂಣು.

ಮರುದಿನ ಲಗ್ಗೆರೆಯಿಂದ ಸ್ಕೂಟರಿನಲ್ಲಿ ಬರುವ ಫಿಸಿಯೋಥೆರಪಿಸ್ಟ್ ಐಶ್ವರ್ಯಾ ನಡೆದದ್ದನ್ನು ಕೇಳಿ ಮೊದಲು ಗದರಿದಳು, ಆಮೇಲೆ ತುಂಗಮ್ಮನ ಗಲ್ಲ ಹಿಂಡಿದಳು. ಆಧಾರವಿಲ್ಲದೆ ಎಷ್ಟು ದೂರ ನಡೆದಿದ್ದಾರೆ ಎಂಬುದು ತನಗೆ ಬೇಕು, ಅಂದಾಜು ಬೇಡ ಎಂದಳು. ಪಂಕಜಾ ಉಕ್ಕಿನ ಟೇಪ್ ತಂದಳು. ಮಂಚದ ಅಂಚಿನಲ್ಲಿ ತುದಿಯನ್ನು ವಾದಿರಾಜನ ಕೈಗೆ ಕೊಟ್ಟು, ನೆಲಕ್ಕೆ ತಾಗಿಸಿಕೊಂಡು ಅಡುಗೆಮನೆಯವರೆಗೆ ಎಳೆದು, ತಾನು ನಿಂತಿದ್ದ ಜಾಗದಲ್ಲಿ ಬಗ್ಗಿ ಓದಿದಳು. ಆರು ಮೀಟರ್ ನಲವತ್ತೆರಡು ಸೆಂಟಿಮೀಟರ್.